ಭೂಗರ್ಭವನ್ನು ಅರಿಯುವ ವೆಚ್ಚ

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇರುವುದೆಂಬ ವಾರ್ತೆ 2020ರಲ್ಲಿ ಪ್ರಕಟವಾದಾಗ ಹರ್ಷಿಸಿದವರು, ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯನ್ನು ಆಧರಿಸಿ ಕೇಂದ್ರ ಸರ್ಕಾರವು ಮರುವರ್ಷ 1,600 ಟನ್ನೆಂದು ಸಂಸತ್ತಿಗೆ ತಿಳಿಸಿದಾಗ ನಿರಾಶರಾಗಿದ್ದರೆ ಅದು ಸಹಜವೇ. ನನಗಾದರೋ ಆ ಚಿಕ್ಕ ಸಂಖ್ಯೆಯೇ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಅದರ ಹಿಂದೆ ನೆಲವನ್ನು ಕೊರೆದು ನೋಡಿದ ಶ್ರಮವುಂಟು. ಅನ್ವೇಷಣೆಗೆ ನಾವು ಕೊಡುವ ಹಣವು ಕೊಂಡುಕೊಳ್ಳುವುದು ಖನಿಜವನ್ನಲ್ಲ, ನಿಶ್ಚಯವನ್ನು. ಖನಿಜವಿಲ್ಲವೆಂಬ ನಿಶ್ಚಯವೂ ಅದರಲ್ಲಿ ಸೇರಿದೆ.

ಪೆಗ್ಮಟೈಟ್ ಎಂಬ ದಪ್ಪ ಹರಳಿನ ಶಿಲೆಯು ಹೊಲದ ಬದುವಿನಲ್ಲಿ ತಲೆಯೆತ್ತಿರುವಾಗ ಸಾಮಾನ್ಯರ ಕಣ್ಣಿಗೆ ಬೀಳುವುದು ಬೆಣಚುಕಲ್ಲು, ಕಾಗೆಬಂಗಾರದ ಮಿನುಗು, ಮಾಸಲು ಬಿಳುಪಿನ ಫೆಲ್ಡ್‌ಸ್ಪಾರ್, ಇಷ್ಟೆ. ಲಿಥಿಯಂ ಧರಿಸಿದ ಸ್ಪಾಡ್ಯುಮೀನ್ ಹರಳು ಅವುಗಳ ನಡುವೆಯೇ, ಬಹುಮಟ್ಟಿಗೆ ಅವುಗಳದೇ ಬಣ್ಣದಲ್ಲಿ, ಅಡಗಿರುತ್ತದೆ. ಅದನ್ನು ಗುರುತಿಸಿದ ಮೇಲೂ ಆ ಶಿಲೆಯ ಪಟ್ಟಿ ಆಳದಲ್ಲಿ ಎಷ್ಟು ದೂರ ಸಾಗಿದೆ, ಎಲ್ಲಿ ಕಿರಿದಾಗುತ್ತ ಇಲ್ಲವಾಗುತ್ತದೆ ಎಂಬುದನ್ನು ವಜ್ರದ ಮೊನೆಯ ಕೊರೆಯಂತ್ರವೇ ತಿಳಿಸಬೇಕು. ಹೊರಬಂದ ಶಿಲಾದಂಡವನ್ನು ಪೆಟ್ಟಿಗೆಗಳಲ್ಲಿ ಕ್ರಮವಾಗಿ ಜೋಡಿಸಿ, ಆಳವನ್ನು ಬರೆದಿಟ್ಟು, ಉದ್ದಕ್ಕೆ ಸೀಳಿ, ಒಂದು ಹೋಳನ್ನು ಪ್ರಯೋಗಶಾಲೆಗೆ ಕಳುಹಿಸಿ, ಇನ್ನೊಂದನ್ನು ಮುಂದೆ ಬರುವವರ ಪರಿಶೀಲನೆಗೆಂದು ಕಾಪಿಡುತ್ತಾರೆ. ಹತ್ತು ಕಡೆ ಕೊರೆದರೂ ಏನೂ ಸಿಕ್ಕದಿರುವುದುಂಟು. ಲಾಭಕ್ಕಾಗಿ ಬಂಡವಾಳ ಹೂಡುವವನು ಇಂಥ ಕಡೆ ಹಿಂಜರಿದರೆ ಅವನನ್ನು ದೂಷಿಸಲಾಗದು. ಮೊದಲ ಹೆಜ್ಜೆಗಳ ಹೊಣೆ ರಾಜ್ಯಶಕ್ತಿಯದೇ.

ಈ ಹೆಜ್ಜೆಗಳು ಪೂರ್ಣವಾಗುವ ಮುನ್ನವೇ ಹರಾಜಿಗೆ ಹೊರಟರೆ ಏನಾಗುವುದೆಂಬುದನ್ನು ಜಮ್ಮು-ಕಾಶ್ಮೀರದ ರಿಯಾಸಿಯಲ್ಲಿ ಕಂಡಿದ್ದೇವೆ. 2023ರ ಫೆಬ್ರವರಿಯಲ್ಲಿ 59 ಲಕ್ಷ ಟನ್ನುಗಳೆಂದು ಸಾರಿದ ಆ ನಿಕ್ಷೇಪದ ಅಂದಾಜು ಇನ್ನೂ ಊಹಿತ ವರ್ಗದ್ದಾಗಿತ್ತು. ಅಲ್ಲಿಯ ಲಿಥಿಯಂ ಇರುವುದು ಗಟ್ಟಿಶಿಲೆಯಲ್ಲಲ್ಲ, ಜೇಡಿಯಲ್ಲಿ, ಮತ್ತು ಜೇಡಿಯಿಂದ ಅದನ್ನು ಲಾಭಕರವಾಗಿ ಬೇರ್ಪಡಿಸುವ ವಿಧಾನ ಇನ್ನೂ ದೃಢವಾಗಿ ನೆಲೆಗೊಂಡಿಲ್ಲ. ಹರಾಜಿಗೆ ಸಾಕಷ್ಟು ಮಂದಿ ಮುಂದೆ ಬಾರದೆ 2024ರಲ್ಲಿ ಅದು ಮುರಿದುಬಿತ್ತು.

2025ರ ಜನವರಿಯಲ್ಲಿ ಕೇಂದ್ರ ಸಂಪುಟವು ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ 16,300 ಕೋಟಿ ರೂಪಾಯಿಗಳ ವೆಚ್ಚವನ್ನು ಅಂಗೀಕರಿಸಿದ್ದನ್ನು ನಾನು ಮನಃಪೂರ್ವಕ ಸ್ವಾಗತಿಸುತ್ತೇನೆ. ಅದೇ ವರ್ಷದ ಏಪ್ರಿಲಿನಲ್ಲಿ ಚೀನವು ಏಳು ವಿರಳ ಭೂಧಾತುಗಳ ರಫ್ತನ್ನು ನಿರ್ಬಂಧಿಸಿ, ನಮ್ಮ ವಾಹನ ತಯಾರಕರು ಅವುಗಳಿಂದಾಗುವ ಆಯಸ್ಕಾಂತಗಳಿಗಾಗಿ ಪರದಾಡಿದ ಮೇಲೆ ಈ ವೆಚ್ಚದ ಆವಶ್ಯಕತೆಯನ್ನು ವಾದಿಸಿ ಸ್ಥಾಪಿಸಬೇಕಾಗಿಲ್ಲ. ಆದರೆ 2030–31ರೊಳಗೆ 1,200 ಅನ್ವೇಷಣಾ ಯೋಜನೆಗಳೆಂಬ ಗುರಿಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಮುಂದಿಟ್ಟಿರುವಾಗ, ಲೆಕ್ಕವು ಯೋಜನೆಗಳ ಸಂಖ್ಯೆಗೇ ನಿಂತುಬಿಟ್ಟೀತೆಂಬ ಆತಂಕ ನನಗಿದೆ. ಆಳವಾಗಿ, ಸಾವಧಾನವಾಗಿ ನಡೆದ ನೂರು ಶೋಧನೆಗಳು ಅವಸರದ ಸಾವಿರಕ್ಕಿಂತ ನಾಡಿಗೆ ಹೆಚ್ಚು ಉಪಕಾರಿ.

ಈ ಸಾವಧಾನದ ಪರಂಪರೆ ನಮ್ಮಲ್ಲಿಯೇ ಉಂಟು. ಮೈಸೂರು ಸಂಸ್ಥಾನವು 1894ರಲ್ಲಿಯೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ, ಅದರ ವರದಿಗಳನ್ನು ಅಚ್ಚುಹಾಕಿಸಿ ಲೋಕದ ಮುಂದಿಟ್ಟಿತು. ಸ್ಮೀತ್, ಬಿ. ರಾಮರಾವ್ ಮೊದಲಾದವರು ಅಲ್ಲಿ ನಡೆಸಿದ ವ್ಯಾಸಂಗದ ಮೇಲೆಯೇ ನಮ್ಮ ಶಿಲಾಜ್ಞಾನ ಬೆಳೆದು ನಿಂತಿದೆ. ಅದೇ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಪಿ. ರಾಧಾಕೃಷ್ಣರು 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ದಶಕಗಳ ಕಾಲ ಪೋಷಿಸಿದರು. ನುಗ್ಗೇಹಳ್ಳಿ ಶಿಲಾಪಟ್ಟಿಯ ವನೇಡಿಯಂ, ಚನ್ನಗಿರಿ ಸಮೀಪದ ಹನುಮಲಾಪುರದ ಪ್ಲಾಟಿನಂ ಗುಂಪಿನ ಧಾತುಗಳು ಇಂದು ಪುನರವಲೋಕನಕ್ಕೆ ಅರ್ಹವಾಗಿವೆ. ಅದನ್ನು ಕೈಗೊಳ್ಳಬೇಕಾದ ತರುಣರು ಬೇಕಲ್ಲವೆ? ಅವರನ್ನು ಸಿದ್ಧಗೊಳಿಸಬೇಕಾದ ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗಗಳಿಗೆ ವಿಶ್ಲೇಷಣಾ ಯಂತ್ರಗಳೂ ಕ್ಷೇತ್ರಾಧ್ಯಯನದ ಅನುದಾನವೂ ಸಿಕ್ಕದೆ ಕೆಲಸ ಸಾಗದು.

ಆದುದರಿಂದ ಅಭಿಯಾನದ ಹಣದಲ್ಲಿ ಒಂದು ನಿಯತ ಪಾಲನ್ನು ಹತ್ತು ವರ್ಷಗಳ ಅವಧಿಗೆ ಇಂಥ ವಿಭಾಗಗಳಿಗೆ ಮೀಸಲಿಡತಕ್ಕದ್ದು. ಕೊರೆದು ತೆಗೆದ ಶಿಲಾದಂಡಗಳನ್ನು, ಏನೂ ದೊರೆಯದ ರಂಧ್ರಗಳವನ್ನೂ ಸೇರಿಸಿ, ಒಂದೇ ಭಂಡಾರದಲ್ಲಿ ಸುರಕ್ಷಿತವಾಗಿಟ್ಟು, ಅವುಗಳ ದಾಖಲೆಗಳನ್ನು ಸಂಶೋಧಕರಿಗೂ, ಯಾರ ಹೊಲದಲ್ಲಿ ಕೊರೆದರೋ ಆ ರೈತರಿಗೂ ತೆರೆದಿಡತಕ್ಕದ್ದು.