ಉತ್ತರ ಕೊಡುವ ಜನ

ಹಾಸ್ಟೆಲಿನ ಗೆಳೆಯರೇ,

ಅಮೆರಿಕದ ಕಪ್ಪು ಜನರ ಚರ್ಚಿನ ಪ್ರಸಂಗದ ಮಾತು ಬಂದರೆ ನಮ್ಮ ಓದಿದ ಹುಡುಗರೇ ಮೂಗು ಮುರೀತಾರೆ. ‘ಬರೀ ಕೂಗಾಟ. ಬಿಳಿ ಪಾದ್ರಿಗಳದು ನೋಡಿ, ಎಷ್ಟು ಗಂಭೀರ!’ ಈ ಮಾತು ನಮಗೆ ಹೊಸದಲ್ಲ. ನಮ್ಮ ಅವ್ವಂದಿರ ಭಾಷೆಗೂ, ನಮ್ಮ ತಮಟೆಗೂ ಹೀಗೇ ಅಂದಿದ್ದರು.

ಆ ಗಾಂಭೀರ್ಯವನ್ನೇ ನೋಡೋಣ. 1741ರಲ್ಲಿ ಎನ್‌ಫೀಲ್ಡ್ ಎಂಬ ಊರಲ್ಲಿ ಜೊನಾಥನ್ ಎಡ್ವರ್ಡ್ಸ್ ದೇವರ ಕೋಪದ ಬಗ್ಗೆ ಪ್ರಸಂಗ ಮಾಡಿದ. ಬರೆದುಕೊಂಡು ಬಂದು ತರ್ಕದ ಮೇಲೆ ತರ್ಕ ಪೇರಿಸೋ ಪದ್ಧತಿ ಅವನದು. ಅದೇ ಕಾಲದ ಜಾರ್ಜ್ ವೈಟ್‌ಫೀಲ್ಡ್ ಕಾಗದ ಬಿಟ್ಟು, ಬಯಲಲ್ಲಿ ನಿಂತು, ನಾಟಕದವನ ಹಾಗೆ ಅತ್ತು ಗುಡುಗಿ ಸಾವಿರಾರು ಜನರನ್ನ ಅಳಿಸಿದ. ಶೈಲಿ ಎರಡು. ಆದರೆ ಇಬ್ಬರೂ ಗುಲಾಮರನ್ನ ಇಟ್ಟುಕೊಂಡಿದ್ದರು! ಜಾರ್ಜಿಯಾದಲ್ಲಿ ಗುಲಾಮಗಿರಿಗಿದ್ದ ನಿಷೇಧ ತೆಗೀಬೇಕು ಅಂತ ವೈಟ್‌ಫೀಲ್ಡ್ ವಾದಿಸಿದ; 1751ರಲ್ಲಿ ಅದನ್ನ ತೆಗೆದೂಬಿಟ್ಟರು. ಕೂಗಿದ್ದೆಲ್ಲ ಕ್ರಾಂತಿಯಲ್ಲ, ಮೆಲ್ಲಗೆ ಆಡಿದ್ದೆಲ್ಲ ಜ್ಞಾನವೂ ಅಲ್ಲ.

ಒಡೆಯರು ಗುಲಾಮರಿಗೆ ಕೊಡಿಸಿದ ಪ್ರಸಂಗ ಒಂದೇ: ಒಡೆಯನಿಗೆ ತಗ್ಗಿ ನಡಿ, ಸತ್ತ ಮೇಲೆ ಸ್ವರ್ಗ. 1807ರಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆ ಅಂತಲೇ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚು ಹಾಕಿಸಿದರು. ಮೋಶೆ ತನ್ನ ಜನರನ್ನ ಫರೋಹನ ದಾಸ್ಯದಿಂದ ಬಿಡಿಸಿದ ಕತೆಯನ್ನೇ ಅದರಿಂದ ಕತ್ತರಿಸಿ ತೆಗೆದಿದ್ದರು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿ ಅಂದವರಿಗೆ ಇವರು ಸ್ವಂತ ಅಣ್ಣತಮ್ಮಂದಿರು.

ಆದರೂ ಆ ಕತೆ ಅಮೆರಿಕದ ಗುಲಾಮರ ಕಿವಿಗೆ ಬಿತ್ತು. ರಾತ್ರಿ ಕಾಡಲ್ಲಿ ಕದ್ದು ಸೇರಿ ಅದನ್ನೇ ಹೇಳಿಕೊಂಡರು. ಗುಲಾಮರಿಗೆ ಅಕ್ಷರ ಕಲಿಸೋದೇ ಅಪರಾಧ ಅಂದ ರಾಜ್ಯಗಳಲ್ಲಿ ಕಾಗದ ಓದೋ ಪ್ರಸಂಗ ಎಲ್ಲಿಂದ ಬರಬೇಕು? ಬೋಧಕ ಒಂದು ಸಾಲು ಹೇಳ್ತಾನೆ, ಜನ ಉತ್ತರ ಕೊಡ್ತಾರೆ. ಆ ಉತ್ತರದಿಂದ ಅವನು ಮುಂದಿನ ಸಾಲು ಕಟ್ತಾನೆ. ನಮ್ಮ ನೀಲಗಾರರ ಹಾಡಿಗೆ ಹಿಮ್ಮೇಳ ಸೊಲ್ಲು ಹಿಡಿದ ಹಾಗೆ. 1831ರಲ್ಲಿ ವರ್ಜೀನಿಯಾದಲ್ಲಿ ದಂಗೆ ಎದ್ದ ನ್ಯಾಟ್ ಟರ್ನರ್ ಇಂಥ ಬೋಧಕನೇ. ಮರುವರ್ಷ ಅಲ್ಲಿ ಕಪ್ಪು ಜನ ಪ್ರಸಂಗ ಮಾಡಬಾರದು ಅಂತ ಕಾನೂನು ಬಂತು. ಬರೀ ಕೂಗಾಟಕ್ಕೆ ಯಾರಾದರೂ ಕಾನೂನು ಮಾಡ್ತಾರಾ?

1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಹೋರಾಟಕ್ಕೆ ಎಂಟು ಜನ ಬಿಳಿಯ ಧರ್ಮಗುರುಗಳು ಬಹಳ ಗಂಭೀರವಾಗಿ, ಇದು ಸಮಯವಲ್ಲ ಅಂದರು. ಮಾರ್ಟಿನ್ ಲೂಥರ್ ಕಿಂಗ್ ಜೈಲಿನಿಂದಲೇ ಉತ್ತರ ಬರೆದರು. ಅದೇ ವರ್ಷ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಅವರು ಭಾಷಣ ಮಾಡುವಾಗ, ಹತ್ತಿರವಿದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ಮಾತು ಹೇಳು ಅಂತ ಕೂಗಿದರು ಅಂತ ಅಲ್ಲಿದ್ದವರು ಹೇಳಿದಾರೆ. ಕಿಂಗ್ ಬರೆದು ತಂದಿದ್ದನ್ನ ಬಿಟ್ಟು ಆ ಕನಸಿಗೆ ಇಳಿದರು. ಲೋಕ ಇವತ್ತಿಗೂ ನೆನೆಯೋದು ಆ ಭಾಗವನ್ನೇ.

ಈಗ ನಮ್ಮ ಸರದಿ. ಬಿ.ಎ. ಮುಗಿಸಿದ ನಾವು ಕೇರಿಯ ಸಭೆಯಲ್ಲಿ ಮೈಕು ಹಿಡಿದು ಪುಸ್ತಕದ ಕನ್ನಡದಲ್ಲಿ ಗಂಟೆಗಟ್ಟಲೆ ಕೊರೀತೀವಿ. ನಡುವೆ ಅವ್ವನೊಬ್ಬಳು ಬಾಯಿ ತೆಗೆದರೆ ‘ಸುಮ್ನಿರಮ್ಮ, ಭಾಷಣ ನಡೀತಿದೆ’ ಅಂತೀವಿ. ಹೇಳಿ ಗೆಳೆಯರೇ, ಆಗ ನಾವು ಯಾವ ಪಾದ್ರಿ?

ಮುಂದಿನ ಸಭೆಯಲ್ಲಿ ಆ ಅವ್ವನಿಗೂ ಮೈಕು ಸಿಗಲಿ. ನಾವು ಸೊಲ್ಲು ಹಿಡಿಯೋಣ.

ಜೈ ಭೀಮ್.