ಸ್ಪೇನ್ ‘ಕವರ್’ ಮಾಡುವ ನಾಡಲ್ಲ

ಮೇ ರಜೆ ಸಮೀಪಿಸುತ್ತಿದ್ದಂತೆ ನಮ್ಮ ಬಳಗದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಪಟ್ಟಿ ಹರಿದಾಡತೊಡಗುತ್ತದೆ. ಹತ್ತು ದಿನ, ಏಳು ಊರು: ಬಾರ್ಸಿಲೋನಾ, ವೆಲೆನ್ಸಿಯಾ, ಮ್ಯಾಡ್ರಿಡ್, ತೊಲೆದೊ, ಕೊರ್ದೊಬಾ, ಸೆವಿಯಾ, ಗ್ರನಾಡಾ. ಅದರ ಕೊನೆಗೆ ಒಂದು ಸಾಲು: ‘ಎಲ್ಲ ಕವರ್ ಆಗುತ್ತದೆ.’ ನಮ್ಮ ತಕರಾರು ಆರಂಭವಾಗುವುದು ಈ ‘ಕವರ್’ ಎಂಬ ಮಾತಿನಿಂದಲೇ. ನಮ್ಮ ನಾಡಿನ ಅಂಗಡಿಗಳಲ್ಲಿ ಕವರ್ ಎಂದರೆ ತರಕಾರಿ ತುಂಬಿಕೊಡುವ ಪ್ಲಾಸ್ಟಿಕ್ ಚೀಲ. ಊರುಗಳನ್ನೂ ಹಾಗೆಯೇ ಚೀಲಕ್ಕೆ ತುಂಬಿಕೊಂಡು ಬರಬಹುದೆಂಬ ಭ್ರಮೆ ನಮ್ಮ ಕುಟುಂಬಗಳಲ್ಲಿ ಬೇರುಬಿಟ್ಟಿದೆ. ಸ್ಪೇನಿಗೆ ಮೊದಲ ಸಲ ಹೊರಡುವವರಿಗೆ ಹತ್ತು ದಿನಗಳಲ್ಲಿ ಮೂರು ಊರು ಸಾಕು. ನಾಲ್ಕನೆಯದು ಹೊರೆ, ಏಳು ಎಂಬುದು ಪ್ರವಾಸವಲ್ಲ, ಸಾಮಾನು ಸಾಗಣೆ. ಇದು ನಮ್ಮ ವಾದ.

ಮೊದಲು ಲೆಕ್ಕವನ್ನೇ ನೋಡೋಣ. ಹತ್ತು ದಿನಗಳಲ್ಲಿ ಮೊದಲನೆಯದೂ ಕೊನೆಯದೂ ವಿಮಾನಕ್ಕೆ ಹೋಗುತ್ತವೆ. ಉಳಿದದ್ದು ಎಂಟು. ಏಳು ಊರೆಂದರೆ ಆರು ಸಲ ಬಿಡಾರ ಬದಲಿಸಬೇಕು. ಪ್ರತಿ ಸಲವೂ ಪೆಟ್ಟಿಗೆ ಕಟ್ಟಬೇಕು, ಹನ್ನೊಂದು ಹನ್ನೆರಡರೊಳಗೆ ಕೋಣೆ ಬಿಡಬೇಕು, ನಿಲ್ದಾಣ ಸೇರಬೇಕು, ವೇಗದ ರೈಲಾದರೆ ಸಾಮಾನಿನ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು, ಹೊಸ ಊರಿನಲ್ಲಿ ಇಳಿದು ಮಧ್ಯಾಹ್ನ ಎರಡು ಮೂರು ಗಂಟೆಯವರೆಗೆ ಕೋಣೆಗಾಗಿ ಕಾಯಬೇಕು. ಅರ್ಧ ದಿನ ಹೋಯಿತು. ಆರು ಅರ್ಧ ಸೇರಿದರೆ ಮೂರು ದಿನ. ಇನ್ನುಳಿದ ಐದು ದಿನಗಳನ್ನು ಏಳು ಊರುಗಳಿಗೆ ಹಂಚಿದರೆ ಒಂದೊಂದಕ್ಕೆ ಮುಕ್ಕಾಲು ದಿನವೂ ದಕ್ಕುವುದಿಲ್ಲ. ಅದರಲ್ಲೇ ಊಟ, ಟಿಕೆಟ್ಟಿನ ಸಾಲು, ಶೌಚಾಲಯದ ಹುಡುಕಾಟ. ಮೂರೇ ಊರಾದರೆ ಬಿಡಾರ ಬದಲಿಸುವುದು ಎರಡೇ ಸಲ. ಒಂದು ದಿನ ಹೋದರೂ ಏಳು ದಿನ ಕೈಯಲ್ಲಿರುತ್ತವೆ. ಪ್ರತಿ ಊರಿಗೂ ಎರಡು ದಿನಕ್ಕಿಂತ ಹೆಚ್ಚು.

ಈ ಅವಸರದ ಬೆಲೆಯನ್ನು ತೆರುವವರು ಪಟ್ಟಿ ತಯಾರಿಸಿದವರಲ್ಲ. ಊರಿನಿಂದ ಮೂರು ತಿಂಗಳ ವೀಸಾದ ಮೇಲೆ ಬಂದಿರುವ ಅಪ್ಪ, ಅಮ್ಮ, ಅತ್ತೆ, ಮಾವ ಅದನ್ನು ತೆರುತ್ತಾರೆ. ಮಂಡಿನೋವಿದ್ದರೂ ‘ಪರವಾಗಿಲ್ಲ, ನೀವು ಹೋಗಿ ನೋಡಿಕೊಂಡು ಬನ್ನಿ, ನಾವು ಇಲ್ಲೇ ಕೂತಿರುತ್ತೇವೆ’ ಎನ್ನುವವರು ಅವರು. ಆ ಮಾತಿನ ಅರ್ಥ ಸೌಜನ್ಯವಲ್ಲ, ದಣಿವು. ಸಂಜೆಯಾಗುತ್ತಲೇ ರಚ್ಚೆ ಹಿಡಿಯುವ ಮಕ್ಕಳೂ ಅದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಿರುತ್ತಾರೆ.

‘ಅವರು ಇನ್ನೊಮ್ಮೆ ಬರುತ್ತಾರೋ ಇಲ್ಲವೋ, ಇರುವಾಗಲೇ ಎಲ್ಲವನ್ನೂ ತೋರಿಸಿಬಿಡಬೇಕು’ ಎಂಬುದು ಎದುರು ಪಕ್ಷದ ಬಲವಾದ ವಾದ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದರ ಹಿಂದೆ ಪ್ರೀತಿಯಿದೆ, ಅಗಲಿಕೆಯ ಅಂಜಿಕೆಯೂ ಇದೆ. ಆದರೆ ಆ ಅಂಜಿಕೆ ನಿಜವಾದರೆ ತೀರ್ಮಾನ ತಿರುಗುಮುರುಗಾಗಬೇಕು. ಇದೇ ಅವರ ಕೊನೆಯ ದೀರ್ಘ ಪ್ರವಾಸವಾಗುವುದಾದರೆ ಅದು ನಿಲ್ದಾಣಗಳ ನೆನಪಾಗಿ ಉಳಿಯಬೇಕೇ, ಮಗಳೊಡನೆ ಒಂದು ಚೌಕದಲ್ಲಿ ಕುಳಿತು ಕಳೆದ ಸಂಜೆಯಾಗಿ ಉಳಿಯಬೇಕೇ?

‘ಮತ್ತೆ ಯಾವಾಗ ಹೋಗುತ್ತೇವೆ?’ ಎಂಬುದು ಎರಡನೆಯ ವಾದ. ಇದಂತೂ ನಮಗೆ ಒಪ್ಪುವುದೇ ಇಲ್ಲ. ಬೆಂಗಳೂರಿನಿಂದ ಸಾವಿರಾರು ಮೈಲಿ ಹಾರಿ, ಎರಡು ವಾರದ ರಜೆಯಲ್ಲಿ ಯುರೋಪನ್ನೆಲ್ಲ ನೋಡಬೇಕಾದವರ ಅವಸರ ಅರ್ಥವಾಗುತ್ತದೆ. ಸ್ಕಿಪೋಲ್‌ನಿಂದ ಮ್ಯಾಡ್ರಿಡ್‌ಗೆ ವಿಮಾನದಲ್ಲಿ ಎರಡೂವರೆ ಗಂಟೆ. ಇಷ್ಟು ಹತ್ತಿರ ಮನೆ ಮಾಡಿಕೊಂಡಿರುವ ನಾವು ದೂರದವರ ಅವಸರವನ್ನು ಅನುಕರಿಸುವುದೇಕೆ? ಬಾರ್ಸಿಲೋನಾವನ್ನು ಮುಂದಿನ ವರ್ಷಕ್ಕೆ ಬಿಟ್ಟರೆ ಅದೇನೂ ಓಡಿಹೋಗುವುದಿಲ್ಲ. 1882ರಲ್ಲಿ ಕಟ್ಟತೊಡಗಿದ ಸಗ್ರಾದ ಫಮಿಲಿಯಾ ಅಷ್ಟು ಕಾಯಬಲ್ಲದು.

ಹಾಗಾದರೆ ಹೋಗುವುದೆಲ್ಲಿಗೆ? ನಮ್ಮ ಸಲಹೆ ಇದು: ಮ್ಯಾಡ್ರಿಡ್‌ನಲ್ಲಿ ಮೂರು ರಾತ್ರಿ, ಕೊರ್ದೊಬಾದಲ್ಲಿ ಎರಡು, ಸೆವಿಯಾದಲ್ಲಿ ನಾಲ್ಕು. ಮೂರೂ ಒಂದೇ ರೈಲು ಹಳಿಯ ಮೇಲಿವೆ. ಸ್ಪೇನಿನ ಮೊದಲ ಅತಿವೇಗದ ಮಾರ್ಗವಾಗಿ 1992ರಲ್ಲಿ ತೆರೆದ ಈ ದಾರಿಯಲ್ಲಿ ಮ್ಯಾಡ್ರಿಡ್‌ನಿಂದ ಸೆವಿಯಾಕ್ಕೆ ಸುಮಾರು ಎರಡೂವರೆ ಗಂಟೆ. ಕೊರ್ದೊಬಾದಿಂದ ಸೆವಿಯಾಕ್ಕೆ ಮುಕ್ಕಾಲು ಗಂಟೆಯಷ್ಟೆ. ಒಂದು ಊರಿಗೆ ಇಳಿದು ಇನ್ನೊಂದು ಊರಿನಿಂದ ಮರಳುವ ಟಿಕೆಟ್ ಕೊಂಡರೆ ಬಂದ ದಾರಿಯಲ್ಲೇ ಹಿಂದಿರುಗುವ ಒಂದು ದಿನ ಉಳಿಯುತ್ತದೆ. ಅಲ್ಹಂಬ್ರಾ ಅರಮನೆ ಕಾಣಲೇಬೇಕೆನ್ನುವವರು ಸೆವಿಯಾವನ್ನು ಬಿಟ್ಟು ಗ್ರನಾಡಾಕ್ಕೆ ಹೋಗಲಿ. ಎರಡನ್ನೂ ಹಿಡಿಯಲು ಹೊರಡಬಾರದು. ಅಲ್ಲಿನ ಟಿಕೆಟ್ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ನಸ್ರಿದ್ ಅರಮನೆಗಳ ಪ್ರವೇಶಕ್ಕೆ ನಿಗದಿತ ಸಮಯವಿರುತ್ತದೆ, ರಜೆಯ ದಿನಗಳಲ್ಲಿ ವಾರಗಳ ಮೊದಲೇ ಮುಗಿದುಹೋಗುತ್ತದೆ. ಹಿರಿಯರ ಪಾಸ್‌ಪೋರ್ಟ್ ಕೋಣೆಯಲ್ಲಿ ಬಿಟ್ಟು ಹೋಗುವಂತಿಲ್ಲ.

ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯವನ್ನು ‘ಒಂದು ಗಂಟೆಯಲ್ಲಿ ಮುಗಿಸಬಹುದು’ ಎಂದು ಬರೆಯುವವರಿದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ನಮಗೆ ಅಲ್ಲಿನ ಎರಡು ಚಿತ್ರಗಳೇ ಒಂದು ಗಂಟೆಯ ಪಾಠ. ಒಂದು, ಡೆನ್ ಬಾಸ್‌ನ ಬಾಸ್ಕ್ ಬರೆದ ‘ಐಹಿಕ ಸುಖಗಳ ಉದ್ಯಾನ’: ಎಡಗಡೆ ಸ್ವರ್ಗ, ಬಲಗಡೆ ನರಕ, ನಡುವೆ ಮನುಷ್ಯರ ಸಂತೆ. ಇನ್ನೊಂದು, ವೆಲಾಸ್ಕೆಸ್ ಬರೆದ ‘ಬ್ರೆಡಾದ ಶರಣಾಗತಿ’. ಸ್ಪೇನಿನ ಅರಸರ ವಿರುದ್ಧ ಡಚ್ಚರು 1568ರಿಂದ 1648ರವರೆಗೆ ನಡೆಸಿದ ಎಂಬತ್ತು ವರ್ಷಗಳ ಯುದ್ಧವನ್ನು ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಓದುತ್ತಾರೆ. ಆ ಯುದ್ಧದಲ್ಲಿ 1625ರಲ್ಲಿ ಬ್ರೆಡಾ ಸೋತಿತು. ಚಿತ್ರದಲ್ಲಿ ಸೋತವನು ಬೀಗದಕೈ ಒಪ್ಪಿಸುತ್ತಾನೆ. ಗೆದ್ದವನು ಅವನನ್ನು ಮಂಡಿಯೂರಗೊಡದೆ ಹೆಗಲ ಮೇಲೆ ಕೈಯಿಡುತ್ತಾನೆ. ತಾವು ಓದಿದ ಕಥೆಯನ್ನು ಎದುರಾಳಿಯ ಕುಂಚದಿಂದ ನೋಡುವ ಅವಕಾಶ ಮಕ್ಕಳಿಗೆ ಬೇರೆಲ್ಲಿ ಸಿಕ್ಕೀತು? ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ಮೇ 1ರಂದು ಮಾತ್ರ ಬಾಗಿಲು ಮುಚ್ಚಿರುತ್ತದೆ. ಮೇ ರಜೆಯಲ್ಲಿ ಹೋಗುವವರು ಇದನ್ನು ಮರೆಯಬಾರದು.

ಕೊರ್ದೊಬಾದಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದು: ಎಂಟನೆಯ ಶತಮಾನದಲ್ಲಿ ಆರಂಭವಾದ ಮಸೀದಿ, ಅದರ ನಟ್ಟನಡುವೆ ಹದಿನಾರನೆಯ ಶತಮಾನದಲ್ಲಿ ಎದ್ದ ಚರ್ಚು. ಎಂಟುನೂರಕ್ಕೂ ಹೆಚ್ಚು ಕಂಬಗಳ ಆ ನೆರಳಿನಲ್ಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಂಡ ಹಿರಿಯರಿಗೆ ಹೋಲಿಸಿ ಮಾತನಾಡಲು ಬೇಕಾದಷ್ಟು ವಿಷಯವಿದೆ. ಬಸ್ಸಿನಿಂದಿಳಿದು ಚಿತ್ರ ತೆಗೆದು ಓಡುವವರಿಗೆ ಅದು ಕೆಂಪು-ಬಿಳಿ ಕಮಾನುಗಳ ಹಿನ್ನೆಲೆ ಮಾತ್ರ. ಸೆವಿಯಾದಲ್ಲಿ ಅಲ್ಕಾಸರ್ ಅರಮನೆ ಒಂದು ಬೆಳಗ್ಗೆ, ಕೆಥೆಡ್ರಲ್ ಇನ್ನೊಂದು ಬೆಳಗ್ಗೆ. 1929ರ ಪ್ರದರ್ಶನಕ್ಕಾಗಿ ಕಟ್ಟಿದ ಪ್ಲಾಸಾ ದೆ ಎಸ್ಪಾನ್ಯಾದಲ್ಲಿ ಪ್ರಾಂತ್ಯಕ್ಕೊಂದರಂತೆ ಹೆಂಚಿನ ಚಿತ್ತಾರದ ಪೀಠಗಳಿವೆ. ಅವು ಇರುವುದು ಕುಳಿತುಕೊಳ್ಳುವುದಕ್ಕೆ.

ಸ್ಪೇನಿನ ದಿನಚರಿಯೂ ಅವಸರಕ್ಕೆ ಒಗ್ಗುವುದಿಲ್ಲ. ಮಧ್ಯಾಹ್ನದ ಊಟ ಎರಡು ಗಂಟೆಗೆ, ರಾತ್ರಿಯದು ಒಂಬತ್ತರ ಸುಮಾರಿಗೆ. ನಡುವೆ ಅನೇಕ ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತದೆ. ಡಚ್ಚರ ಗಡಿಯಾರದಂತೆ ಸಂಜೆ ಆರಕ್ಕೆ ಊಟ ಹುಡುಕಿದವರು ಹಸಿದ ಮಕ್ಕಳೊಡನೆ ಬೀದಿ ಸುತ್ತಬೇಕಾಗುತ್ತದೆ. ಇದಕ್ಕೆ ಮದ್ದು ನಮ್ಮ ಹಳೆಯ ಪದ್ಧತಿಯೇ. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ಹೊಟ್ಟೆತುಂಬ ಊಟ, ಆಮೇಲೆ ಒಂದು ನಿದ್ದೆ, ಬಿಸಿಲಿಳಿದ ಮೇಲೆ ಪೇಟೆಯ ಕಡೆ ನಡಿಗೆ. ರಾತ್ರಿ ಹತ್ತರವರೆಗೂ ಅಲ್ಲಿನ ಚೌಕಗಳಲ್ಲಿ ಅಜ್ಜ ಅಜ್ಜಿಯರು ಹರಟುತ್ತ, ಮೊಮ್ಮಕ್ಕಳು ಆಡುತ್ತ ಇರುತ್ತಾರೆ. ನಮ್ಮ ಅರಳಿಕಟ್ಟೆಯ ನೆನಪು ಬಾರದೆ ಇರದು. ಆ ಹೊತ್ತಿಗೆ ಮರುದಿನದ ರೈಲಿಗಾಗಿ ಪೆಟ್ಟಿಗೆ ಕಟ್ಟುತ್ತಿರುವವರಿಗೆ ಇದು ಕಾಣುವುದೇ ಇಲ್ಲ.

ಸಸ್ಯಾಹಾರಿಗಳ ಪಾಲಿಗೂ ನಿಧಾನವೇ ಹಿತ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಹಂದಿಯ ಒಣಮಾಂಸವೂ ಟ್ಯೂನಾ ಮೀನೂ ಆ ಮಾತಿನೊಳಗೆ ಸೇರುವುದಿಲ್ಲವೆಂದು ಭಾವಿಸುವ ಹೋಟೆಲುಗಳುಂಟು; ಆದ್ದರಿಂದ ‘ಸಿನ್ ಹಮೋನ್, ಸಿನ್ ಅತೂನ್’ ಎಂದು ಬಿಡಿಸಿ ಹೇಳಬೇಕು. ಸೆವಿಯಾದ ಪಾಲಕ್-ಕಡಲೆ ಪಲ್ಯ, ಕೊರ್ದೊಬಾದ ಜೇನು ಸವರಿದ ಬದನೆಕಾಯಿ, ಟೊಮೆಟೊ ತಿಕ್ಕಿದ ರೊಟ್ಟಿ ಹಿರಿಯರಿಗೆ ಹಿಡಿಸಬಹುದು. ತಂಪಾದ ಸಲ್ಮೊರೇಹೊ ಸಾರಿನ ಮೇಲೆ ಮೊಟ್ಟೆ, ಮಾಂಸದ ಚೂರು ಉದುರಿಸುವುದುಂಟು, ಮೊದಲೇ ಬೇಡವೆನ್ನಬೇಕು. ಮೂರು ನಾಲ್ಕು ರಾತ್ರಿ ಒಂದೇ ಕಡೆ ತಂಗಿದರೆ ಅಡುಗೆಮನೆಯಿರುವ ಬಿಡಾರ ಹಿಡಿಯಬಹುದು, ಮಾರುಕಟ್ಟೆಯಿಂದ ತರಕಾರಿ ತಂದು ಅನ್ನ ಸಾರು ಮಾಡಬಹುದು. ಒಂದೇ ರಾತ್ರಿಯ ಬಿಡಾರದಲ್ಲಿ ಒಗ್ಗರಣೆ ಹಾಕುವವರು ಯಾರು?

ಕಾಲದ ವಿಷಯದಲ್ಲಿ ಒಂದು ಮಾತು. ಐದು ತುಂಬಿದ ಮಕ್ಕಳನ್ನು ಶಾಲೆಯ ದಿನಗಳಲ್ಲಿ ಪ್ರವಾಸಕ್ಕೆ ಕರೆದೊಯ್ಯಲು ಇಲ್ಲಿನ ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಉಳಿಯುವುದು ಶಾಲೆಯ ರಜೆಗಳು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೊರ್ದೊಬಾ, ಸೆವಿಯಾಗಳ ಬಿಸಿಲು 40 ಡಿಗ್ರಿ ದಾಟುವುದು ಅಪರೂಪವಲ್ಲ. ಹಿರಿಯರೊಡನೆ ಆಗ ಹೋಗುವುದು ಸಲ್ಲದು. ಮೇ ಇಲ್ಲವೇ ಅಕ್ಟೋಬರ್ ಲೇಸು. ನೆದರ್‌ಲ್ಯಾಂಡ್ಸ್ ನೀಡಿದ ಷೆಂಗೆನ್ ವೀಸಾದ ಅವಧಿ ಜಾರಿಯಲ್ಲಿದ್ದರೆ ಸ್ಪೇನಿಗೆ ಪ್ರತ್ಯೇಕ ವೀಸಾ ಬೇಡ. ಅಲ್ಲಿ ಕಳೆದ ದಿನಗಳೂ 90 ದಿನಗಳ ಲೆಕ್ಕಕ್ಕೆ ಸೇರುತ್ತವೆ, ಅಷ್ಟೆ.

ಪ್ರತಿ ನವೆಂಬರಿನಲ್ಲಿ ಸ್ಪೇನಿನಿಂದ ಹಡಗಿನಲ್ಲಿ ಬರುವ ಸಿಂಟರ್‌ಕ್ಲಾಸ್‌ಗಾಗಿ ನಮ್ಮ ಮಕ್ಕಳು ಕಾಯುತ್ತಾರೆ. ಆ ನಾಡು ಅವರ ಪಾಲಿಗೆ ಒಂದು ಕಥೆ. ಅದನ್ನು ಏಳು ಟಿಕ್ ಗುರುತುಗಳ ಪಟ್ಟಿಯಾಗಿ ಇಳಿಸುವ ಹಕ್ಕು ನಮಗಿಲ್ಲ. ‘ದೇಶ ಸುತ್ತು, ಕೋಶ ಓದು’ ಎಂದ ನಮ್ಮ ಹಿರಿಯರು ಕೋಶದ ಪುಟಗಳನ್ನು ಎಣಿಸೆಂದು ಹೇಳಲಿಲ್ಲ.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ಕೋರಿಕೆ ಎರಡು. ರಜೆಯ ನಂತರದ ಸಮಾರಂಭಗಳಲ್ಲಿ ‘ಎಷ್ಟು ಊರು ಮುಗಿಸಿದಿರಿ?’ ಎಂದು ಪರಸ್ಪರ ಕೇಳುವುದನ್ನು ನಿಲ್ಲಿಸೋಣ. ಈ ಸ್ಪರ್ಧೆಗೆ ಗೊಬ್ಬರ ಹಾಕುತ್ತಿರುವುದು ಆ ಪ್ರಶ್ನೆಯೇ. ಹಾಗೆಯೇ, ಈ ಪುಟಗಳಿಗೆ ಪ್ರವಾಸದ ಬರಹ ಕಳುಹಿಸುವವರು ಒಂದೇ ಊರಿನ ಬಗ್ಗೆ ಬರೆಯಲಿ. ಅಲ್ಲಿ ಅಮ್ಮ ಏನು ಹೇಳಿದರು, ಮಗು ಏನು ಕೇಳಿತು ಎಂಬುದಿದ್ದರೆ ಸಾಕು. ಊರುಗಳ ಪಟ್ಟಿ ನಕಾಶೆಯಲ್ಲೇ ಇದೆ.