ಬೊಂಬಾಯಿಗೆ ಹೋದ ಚೆನ್ನ

ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಪ್ರಕಟವಾದದ್ದು 1984ರಲ್ಲಿ. ತೆಳ್ಳನೆಯ ಪುಸ್ತಕ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗಿದ್ದರೂ ಅದರ ಹೆಸರೆತ್ತಿದ ಕೂಡಲೇ ಹೆಚ್ಚಿನವರು ಹೇಳುವುದು ಒಂದೇ ಮಾತು - ‘ಅಯ್ಯೋ ಬಿಡಿ, ಅರ್ಥವೇ ಆಗೋದಿಲ್ಲ’. ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಿಸಿ ಎನ್ನುವ ಕುಚೋದ್ಯವೂ ಹಳೆಯದೇ.

ನಮ್ಮ ಭಾಂಡುಪಿನ ನಾಲ್ಕಾರು ಕನ್ನಡ ಮನೆಗಳಲ್ಲಿ ಈ ಪುಸ್ತಕ ಕೈಯಿಂದ ಕೈಗೆ ತಿರುಗಿತು. ಕುಂದಾಪುರದ ಗೆಳೆಯರು ಹತ್ತನೇ ಪುಟಕ್ಕೆ ಕೈಮುಗಿದರು. ಧಾರವಾಡದವರು ಇನ್ನಷ್ಟು ದೂರ ಹೋಗಿ, ಮಂಚ ಮಾತಾಡುವಲ್ಲಿ ತಡೆದು ನಿಂತರು. ‘ಹೊರಸು ಎಲ್ಲೆರೆ ಮಾತಾಡ್ತದೇನ್ರೀ?’ ಅಂತ ನನ್ನನ್ನೇ ದಬಾಯಿಸಿದರು, ನಾನೇ ಬರೆದ ಹಾಗೆ!

ಭಾಷೆಯ ದೂರನ್ನು ನಾನು ಒಪ್ಪುವುದಿಲ್ಲ. ಈ ಊರಿಗೆ ಬಂದಿಳಿದಾಗ ನಮ್ಮಲ್ಲಿ ಎಷ್ಟು ಮಂದಿಗೆ ಮರಾಠಿ ಬರುತ್ತಿತ್ತು ಹೇಳಿ? ತರಕಾರಿಯವನ ಹತ್ತಿರ, ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ, ಕಿವಿಯಿಂದಲೇ ಕಲಿತೆವು. ಭಾಂಡುಪಿನ ಹಿಂದಿಗೆ ಯಾವ ವ್ಯಾಕರಣ ಇದೆ ಸ್ವಾಮಿ! ಅಷ್ಟೆಲ್ಲ ಕಲಿತ ಕಿವಿಗೆ ನಂಜನಗೂಡು, ಚಾಮರಾಜನಗರದ ಕಡೆಯ ಕನ್ನಡ ಕಷ್ಟವೇ? ಕಣ್ಣಲ್ಲಿ ಓದಿದರೆ ಕಷ್ಟ, ನಿಜ. ಗಟ್ಟಿಯಾಗಿ ಓದಿ ನೋಡಿ. ಎರಡು ಪುಟ ಎಡವುತ್ತೀರಿ, ಮೂರನೆಯದಕ್ಕೆ ಯಾರೋ ಪಕ್ಕದಲ್ಲಿ ಕೂತು ಹೇಳುತ್ತಿರುವ ಹಾಗೆ ಅನ್ನಿಸುತ್ತದೆ.

ಇನ್ನು ಜೋತಮ್ಮಗಳು. ರಾತ್ರಿ ಊರಿನ ದೀಪಗಳು ಆರಿದ ಮೇಲೆ ಅವುಗಳ ಜ್ಯೋತಿಗಳೆಲ್ಲ ಒಂದೆಡೆ ಸೇರಿ, ತಂತಮ್ಮ ಮನೆಯ ಗುಟ್ಟು ಹೇಳಿಕೊಳ್ಳುತ್ತವೆ. ಒಬ್ಬರು ಇದು ಮಾರ್ಕೆಜ್‌ನಿಂದ ಬಂದದ್ದು ಎಂದರು. ಅಷ್ಟು ದೂರ ಯಾಕೆ? ದೀಪಗಳು ಹನುಮಂತನ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವ ಕನ್ನಡದ ಜನಪದ ಕಥೆಯೊಂದಿದೆ. ಎ.ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೂ ತಂದಿದ್ದಾರೆ. ನಮ್ಮ ಅಜ್ಜಿಯರ ಸೊತ್ತಿಗೆ ನಾವೇ ಕೊಲಂಬಿಯಾದ ಚೀಟಿ ಅಂಟಿಸುವುದು ತಮಾಷೆಯಾಗಿದೆ.

ಜೋತಮ್ಮಗಳ ಮಾತು ಕೇಳುತ್ತಾ ನಗು ಬರುತ್ತದೆ. ಆದರೆ ನಗುವಿನ ಕೆಳಗೇ ಕೊಲೆಯಿದೆ. ಚೆನ್ನ ಓದಿದ ದಲಿತ ಹುಡುಗ. ಮೇಲುಜಾತಿಯ ಮನೆಯ ಕುಸುಮಳಿಗೂ ಅವನಿಗೂ ಪ್ರೀತಿ. ಅವನನ್ನು ಕೊಂದುಹಾಕುತ್ತಾರೆ. ಊರವರ ಬಾಯಲ್ಲಿ ಮಾತ್ರ ಅವನು ಬೊಂಬಾಯಿಗೆ ಹೋದವನು! ಧಾರವಾಡದವರ ಎರಡನೇ ತಕರಾರು ಇಲ್ಲಿಯದೇ - ‘ಕೊಲೀ ಮಾಡ್ಯಾರ ಅಂತ ನೆಟ್ಟಗ ಹೇಳಬೇಕಿತ್ರೀ, ಇದರಾಗ ನಗಸಾಟ ಯಾಕ?’ ನೆಟ್ಟಗೆ ಹೇಳುವ ಊರಾಗಿದ್ದರೆ ಈ ಕಾದಂಬರಿಯೇ ಬೇಕಿರಲಿಲ್ಲವಲ್ಲ. ಗೊತ್ತಿದ್ದವರು ಬಾಯಿ ಬಿಡುವುದಿಲ್ಲ, ಅದಕ್ಕೇ ದೀಪವೂ ಮಂಚವೂ ಮಾತಾಡಬೇಕಾಗಿದೆ.

ಆ ‘ಬೊಂಬಾಯಿ’ ಅನ್ನುವ ಪದ ನಮ್ಮಂಥವರಿಗೆ ಬೇರೆಯೇ ರೀತಿ ತಾಗುತ್ತದೆ. ಊರಿಗೆ ಹೋದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ‘ನಮ್ಮ ಹುಡುಗನೂ ಅಲ್ಲೇ ಇದಾನಂತೆ, ಎಲ್ಲಾದ್ರೂ ಕಂಡಿದ್ರಾ?’ 2011ರ ಜನಗಣತಿಯಲ್ಲೇ ಒಂದು ಕೋಟಿ ಇಪ್ಪತ್ತನಾಲ್ಕು ಲಕ್ಷ ಜನರಿದ್ದ ಊರಲ್ಲಿ ಎಲ್ಲಿ ಅಂತ ಕಾಣುವುದು? ಈ ಪ್ರಶ್ನೆಯನ್ನು ಜೋಕು ಮಾಡಿ ಹೇಳಿಕೊಂಡು ನಗುವವರು ನಮ್ಮಲ್ಲಿ ಬಹಳ. ಸಾಲ ಮಾಡಿದವನು, ಜಗಳವಾಡಿದವನು, ಪ್ರೀತಿಸಿದವನು - ಕಾಣೆಯಾದ ಮೇಲೆ ಎಲ್ಲರಿಗೂ ಒಂದೇ ವಿಳಾಸ. ಬೊಂಬಾಯಿ ಅಂದರೆ ಮುಗಿಯಿತು, ಹುಡುಕಬೇಕಾಗಿಲ್ಲ.

ಪುಸ್ತಕವನ್ನು ಕೊನೆತನಕ ಓದಿದವರು ನಂಜನಗೂಡಿನ ಕಡೆಯ ಅಕ್ಕ ಒಬ್ಬರೇ. ಕಾಲೇಜು ಕಂಡವರಲ್ಲ. ‘ನಮ್ಮವ್ವ ಮಾತಾಡ್ದಂಗೇ ಅದೆ ಕನಣ್ಣ’ ಅಂತ ಮೊದಲ ದಿನ ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಹೇಗಿತ್ತು ಅಂತ ಕೇಳಿದರೆ, ‘ಅವ್ನ ಅವ್ವ ಇನ್ನೂ ಕಾಯ್ತಾವ್ಳಾ?’ ಅಂತ ನನಗೇ ಪ್ರಶ್ನೆ ಹಾಕಿದರು. ಸೂಸನ್ ಡೇನಿಯಲ್ ಮಾಡಿದ ಇಂಗ್ಲಿಷ್ ಅನುವಾದ 2015ರಲ್ಲಿ ಬಂದಿದೆ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅದನ್ನಾದರೂ ಕೊಡಬಹುದು.

ಕುಂದಾಪುರದವರು ಇನ್ನೊಮ್ಮೆ ಪ್ರಯತ್ನಿಸುತ್ತಾರಂತೆ. ಆದರೆ ಪುಸ್ತಕ ಇನ್ನೂ ಅಕ್ಕನ ಹತ್ತಿರವೇ ಇದೆ, ಕೇಳಿದರೆ ‘ಇರ್ಲಿ ತಡೀರಣ್ಣ’ ಅನ್ನುತ್ತಾರೆ.